ಪಕ್ಕದ ಜಮೀನು ಅವರು ಕೊಂಡಾಗ: ಓಮ್ ಶಿನ್ರಿಕ್ಯೋ ಮತ್ತು ಜಪಾನಿನ ಹಳ್ಳಿಗಳು

ಜಪಾನಿನ ದಕ್ಷಿಣಕ್ಕೆ ಕ್ಯೂಶೂ ಅನ್ನುವ ದೊಡ್ಡ ದ್ವೀಪ ಇದೆ. ಅದರ ನಡುವೆ ಆಸೊ ಜ್ವಾಲಾಮುಖಿ. ಆ ಜ್ವಾಲಾಮುಖಿಯ ಹೊರ ಅಂಚಿನ ಮೇಲೆ, ಹುಲ್ಲುಗಾವಲುಗಳ ನಡುವೆ, ನಾಮಿನೊ ಅನ್ನುವ ಊರು. ಅಲ್ಲಿನ ರೈಲು ನಿಲ್ದಾಣ ಸಮುದ್ರ ಮಟ್ಟದಿಂದ 754 ಮೀಟರ್ ಮೇಲಿದೆ. ಕ್ಯೂಶೂನಲ್ಲಿ ಅದಕ್ಕಿಂತ ಎತ್ತರದ ನಿಲ್ದಾಣ ಇನ್ನೊಂದಿಲ್ಲ. ತಂಪು ಹವೆ, ಎಲೆಕೋಸಿನ ಹೊಲಗಳು, ಹಬ್ಬ ಬಂದರೆ ಮುಖವಾಡ ಹಾಕಿ ಕುಣಿಯುವ ಕಾಗುರಾ. 1990ರಲ್ಲಿ ಅಲ್ಲಿದ್ದವರು ಎರಡು ಸಾವಿರದಷ್ಟು ಜನ.

ಆ ವರ್ಷದ ಮೇ ತಿಂಗಳಲ್ಲಿ ಊರಾಚೆಯ ಸುಮಾರು 15 ಹೆಕ್ಟೇರ್ ಜಾಗ ಕೈ ಬದಲಾಯಿತು. ನಮ್ಮ ಲೆಕ್ಕದಲ್ಲಿ 37 ಎಕರೆ. ಪಡೆದವರು ಓಮ್ ಶಿನ್ರಿಕ್ಯೋ ಅನ್ನುವ ಧಾರ್ಮಿಕ ಪಂಥದವರು. ಊರಿನವರು ಮೊದಲ ದಿನದಿಂದಲೇ ಬೇಡ ಅಂದರು. ಕಾವಲು ಗುಡಿಸಲು ಹಾಕಿ ರಸ್ತೆ ಕಾದರು, ಬ್ಯಾನರ್ ಕಟ್ಟಿದರು, ಕಚೇರಿಗಳಿಗೆ ಅಲೆದರು. ನಾಲ್ಕು ವರ್ಷ ಹೀಗೇ ಹೋಯಿತು. ಕೊನೆಗೆ 1994ರ ಆಗಸ್ಟ್‌ನಲ್ಲಿ ಹಳ್ಳಿಯ ಆಡಳಿತವೇ ಆ ಪಂಥಕ್ಕೆ 92 ಕೋಟಿ ಯೆನ್ ಕೊಡಲು ಒಪ್ಪಿತು. ದುಡ್ಡು ತಗೊಳ್ಳಿ, ಊರು ಬಿಟ್ಟು ಹೋಗಿ ಅನ್ನುವ ಒಪ್ಪಂದ. ತಲೆಗೆ ಹಂಚಿದರೆ ಮಗು ಮುದುಕರು ಸೇರಿ ಪ್ರತಿಯೊಬ್ಬರ ಪಾಲಿಗೂ ಸುಮಾರು 4 ಲಕ್ಷ 60 ಸಾವಿರ ಯೆನ್ ಬಿತ್ತು.

ತಾವು ವಿರೋಧಿಸಿದವರಿಗೇ ತಾವೇ ದುಡ್ಡು ಕೊಡುವ ಸ್ಥಿತಿ ಒಂದು ಊರಿಗೆ ಯಾಕೆ ಬಂತು? ಓಮ್ ಅಂದರೆ ಜಗತ್ತಿಗೆ ನೆನಪಾಗುವುದು 1995ರಲ್ಲಿ ಅವರು ಟೋಕಿಯೊ ಮೆಟ್ರೊದಲ್ಲಿ ಬಿಟ್ಟ ವಿಷಾನಿಲ. ಆದರೆ ಅದಕ್ಕೂ ಐದು ವರ್ಷ ಮೊದಲಿಂದ ಹಳ್ಳಿಗಳವರು ಕೂಗಿ ಹೇಳುತ್ತಿದ್ದರು. ಆ ಕೂಗು ಯಾಕೆ ಕೇಳಿಸಲಿಲ್ಲ, ಕೇಳಿಸಿದ ಮೇಲೆ ಏನೆಲ್ಲ ತಪ್ಪಾಯಿತು ಅನ್ನುವುದು ನನಗೆ ವಿಷಾನಿಲದ ಕಥೆಯಷ್ಟೇ ಮುಖ್ಯ ಅನ್ನಿಸುತ್ತದೆ.

ನಮಗೆ ಗೊತ್ತಿರುವ ಪದಗಳು

ಈ ಪಂಥದ ಮಾತು ಕೇಳಿದರೆ ಕನ್ನಡದವರಿಗೆ ಒಂದು ಥರ ಇರುಸುಮುರುಸು ಆಗುತ್ತದೆ. ಯಾಕೆಂದರೆ ಪದಗಳೆಲ್ಲ ನಮ್ಮವೇ. ಓಮ್ ಅಂದರೆ ನಮ್ಮ ಓಂಕಾರ. ಶಿನ್ರಿಕ್ಯೋ ಅಂದರೆ ಪರಮ ಸತ್ಯದ ಬೋಧನೆ. ಅವರ ಮುಖ್ಯ ದೇವರು ಶಿವ. ಅವರು ಕಟ್ಟಿದ ಕಾರ್ಖಾನೆಯಂಥ ಕಟ್ಟಡಗಳ ಹೆಸರು ಸತ್ಯಂ; ಜಪಾನೀಯರ ಬಾಯಲ್ಲಿ ಅದು ‘ಸಾತಿಯನ್’ ಆಯಿತು. ಸದಸ್ಯರು ಹಾಕಿಕೊಳ್ಳುತ್ತಿದ್ದ ಬಿಲ್ಲೆಯ ಹೆಸರು ಪುರುಷ.

ಸ್ಥಾಪಕನ ಮೂಲ ಹೆಸರು ಚಿಝುವೊ ಮಾತ್ಸುಮೊತೊ. ಹುಟ್ಟಿದ್ದು 1955ರಲ್ಲಿ, ಕುಮಾಮೊತೊ ಪ್ರಾಂತ್ಯದ ಯಾತ್ಸುಶಿರೊದಲ್ಲಿ. ನಾಮಿನೊ ಇರುವುದೂ ಅದೇ ಪ್ರಾಂತ್ಯದಲ್ಲಿ. ಚಾಪೆ ನೇಯುವವರ ಮನೆ. ಹುಟ್ಟಿನಿಂದ ದೃಷ್ಟಿ ಮಂದ, ಓದಿದ್ದು ಅಂಧರ ಶಾಲೆಯಲ್ಲಿ. 1984ರಲ್ಲಿ ಟೋಕಿಯೊದಲ್ಲಿ ಯೋಗ ಕಲಿಸುವ ಒಂದು ಗುಂಪು ಶುರು ಮಾಡಿದ. 1986ರಲ್ಲಿ ಹಿಮಾಲಯದಲ್ಲಿ ನನಗೆ ಮುಕ್ತಿ ಸಿಕ್ಕಿತು ಅಂದ. ಮರುವರ್ಷ ಗುಂಪಿಗೆ ಓಮ್ ಶಿನ್ರಿಕ್ಯೋ ಅಂತ ಹೆಸರಿಟ್ಟ. ಅಷ್ಟು ಹೊತ್ತಿಗೆ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಶೋಕೋ ಅಸಾಹರಾ ಅಂತ. ಅದೇ 1987ರಲ್ಲಿ ಧರ್ಮಶಾಲೆಗೆ ಹೋಗಿ ದಲೈ ಲಾಮಾ ಅವರನ್ನು ಭೇಟಿ ಮಾಡಿದ. ಆ ಫೋಟೊವನ್ನು ಪ್ರಚಾರಕ್ಕೆ ಚೆನ್ನಾಗಿ ಬಳಸಿಕೊಂಡ.

ಹಾಗಾದರೆ ಇದು ಬೌದ್ಧ ಪಂಥವೇ? ಅವರು ಹೌದು ಅಂದರು. ಯೋಗ, ಟಿಬೆಟಿನ ವಜ್ರಯಾನ, ಬೈಬಲ್ಲಿನ ಪ್ರಳಯದ ಮಾತು, ಎಲ್ಲ ಕಲಸಿದ ಬೋಧನೆ ಅದು. ಜಪಾನಿನ ಹಳೆಯ ಬೌದ್ಧ ಸಂಪ್ರದಾಯಗಳು ಇವರನ್ನು ತಮ್ಮವರು ಅಂತ ಒಪ್ಪಲಿಲ್ಲ. ಟಿಬೆಟಿನವರಲ್ಲಿ ‘ಪೋವಾ’ ಅಂದರೆ ಸಾಯುವ ಹೊತ್ತಲ್ಲಿ ಚೇತನವನ್ನು ಒಳ್ಳೆಯ ಲೋಕಕ್ಕೆ ಕಳಿಸುವ ಧ್ಯಾನ. ಅಸಾಹರಾ ಅದರ ಅರ್ಥವನ್ನು ತಿರುಚಿದ. ಪಾಪ ಮಾಡುತ್ತಿರುವವನನ್ನು ಕೊಂದರೆ ಅವನಿಗೇ ಉಪಕಾರ ಅನ್ನುವಲ್ಲಿಗೆ ತಂದು ನಿಲ್ಲಿಸಿದ. ಇದು ಹೊರಗಿನವರಿಗೆ ಗೊತ್ತಾಗಿದ್ದು ಬಹಳ ತಡವಾಗಿ.

ಬೌದ್ಧರು ಅಂದಾಗ ಕರ್ನಾಟಕದ ನಮಗೆ ಮೊದಲು ಕಣ್ಣಿಗೆ ಬರುವುದು ಬೈಲಕುಪ್ಪೆ ಮತ್ತು ಮುಂಡಗೋಡ. 1960ರ ದಶಕದಿಂದ ಟಿಬೆಟಿನವರು ನಮ್ಮ ನಡುವೆ ಬದುಕುತ್ತಿದ್ದಾರೆ, ಜೋಳ ಬೆಳೆಯುತ್ತಾರೆ, ಸಂತೆಗೆ ಬರುತ್ತಾರೆ. ಪಕ್ಕದ ಊರಲ್ಲಿ ಸಾವಿರಾರು ಸನ್ಯಾಸಿಗಳು ಇರುವುದು ನಮಗೆ ಹೆದರಿಕೆಯ ವಿಷಯವೇ ಅಲ್ಲ. ಆದ್ದರಿಂದ ನಾಮಿನೊದವರ ವಿರೋಧವನ್ನು ಬರೀ ಹೊರಗಿನವರ ಮೇಲಿನ ದ್ವೇಷ ಅಂದುಕೊಳ್ಳುವುದು ಸುಲಭ. ಆದರೆ ಅಲ್ಲಿ ನಡೆದಿದ್ದೇ ಬೇರೆ.

ಅಧಿಕಾರಿಗಳ ಕೈ ಕಟ್ಟಿದ್ದು ಯಾವುದು

ಮಹಾಯುದ್ಧಕ್ಕೆ ಮೊದಲು ಜಪಾನಿನ ಸರ್ಕಾರ ಧರ್ಮಗಳ ಕತ್ತು ಹಿಡಿದಿತ್ತು. 1935ರಲ್ಲಿ ಓಮೊತೊ ಅನ್ನುವ ಪಂಥದ ಮೇಲೆ ಪೊಲೀಸರು ಬಿದ್ದರು. ಮುಖಂಡರನ್ನು ಜೈಲಿಗೆ ಹಾಕಿ, ಅವರ ಮಂದಿರಗಳನ್ನು ಡೈನಮೈಟ್ ಇಟ್ಟು ಉಡಾಯಿಸಿದರು. ಯುದ್ಧ ಮುಗಿದ ಮೇಲೆ ಬಂದ ಸಂವಿಧಾನ ಇಂಥದ್ದು ಇನ್ನೆಂದೂ ಆಗಬಾರದು ಅಂತ ಧರ್ಮ ಸ್ವಾತಂತ್ರ್ಯಕ್ಕೆ ಗಟ್ಟಿ ಬೇಲಿ ಹಾಕಿತು. 1951ರ ಧಾರ್ಮಿಕ ಸಂಸ್ಥೆಗಳ ಕಾಯ್ದೆಯೂ ಅದೇ ಮನಸ್ಸಿನಿಂದ ಹುಟ್ಟಿತು. ಪಂಥವೊಂದು ಅರ್ಜಿ ಹಾಕಿದರೆ ಅಧಿಕಾರಿ ನೋಡಬೇಕಾದ್ದು ಕಾಗದಪತ್ರ ಸರಿ ಇದೆಯಾ ಅಂತ. ಬೋಧನೆ ಸರಿ ಇದೆಯಾ ಅಂತ ಅಲ್ಲ. ಮಾನ್ಯತೆ ಸಿಕ್ಕ ಮೇಲೆ ಒಳಗೆ ಹೋಗಿ ಪರಿಶೀಲಿಸುವ ಅಧಿಕಾರವೂ ಆಗ ಇಲ್ಲ ಅನ್ನುವಷ್ಟೇ ಇತ್ತು.

ಈ ಬೇಲಿಯನ್ನು ನಾನು ತಪ್ಪು ಅನ್ನುವುದಿಲ್ಲ. ಅದರ ಹಿಂದೆ ನಿಜವಾದ ನೋವಿದೆ. ಆದರೆ ಓಮ್ ಆ ಬೇಲಿಯ ಹಿಂದೆ ಹೋಗಿ ನಿಂತಿತು. 1989ರ ಆಗಸ್ಟ್‌ನಲ್ಲಿ ಟೋಕಿಯೊ ಆಡಳಿತ ಅದಕ್ಕೆ ಮಾನ್ಯತೆ ಕೊಟ್ಟಿತು. ಮಕ್ಕಳು ಮನೆ, ಆಸ್ತಿ, ಓದು ಎಲ್ಲ ಪಂಥಕ್ಕೆ ಒಪ್ಪಿಸಿ ಹೊರಟುಹೋದರು ಅಂತ ತಂದೆತಾಯಂದಿರು ಅಳುತ್ತಿದ್ದ ಕಾಲ ಅದು. ಅವರ ಪರವಾಗಿ ನಿಂತವರು ವಕೀಲ ತ್ಸುತ್ಸುಮಿ ಸಾಕಾಮೊತೊ. ಅದೇ ವರ್ಷ ನವೆಂಬರ್ 4ರ ಬೆಳಗಿನ ಜಾವ ಅವರು, ಅವರ ಹೆಂಡತಿ ಮತ್ತು ಒಂದು ವರ್ಷದ ಮಗ ಮನೆಯಿಂದ ಕಾಣೆಯಾದರು. ಮನೆಯಲ್ಲಿ ಒಂದು ‘ಪುರುಷ’ ಬಿಲ್ಲೆ ಬಿದ್ದಿತ್ತು. ಆದರೂ ತನಿಖೆ ಮುಂದೆ ಹೋಗಲಿಲ್ಲ. ಮೂವರ ಶವ ಸಿಕ್ಕಿದ್ದು 1995ರ ಸೆಪ್ಟೆಂಬರ್‌ನಲ್ಲಿ, ಬೇರೆ ಬೇರೆ ಬೆಟ್ಟಗಳಲ್ಲಿ ಹೂತಿಟ್ಟ ಸ್ಥಿತಿಯಲ್ಲಿ.

1990ರ ಫೆಬ್ರವರಿಯಲ್ಲಿ ಅಸಾಹರಾ ಸೇರಿ 25 ಜನ ಸಂಸತ್ತಿನ ಚುನಾವಣೆಗೆ ನಿಂತರು. ಒಬ್ಬರೂ ಗೆಲ್ಲಲಿಲ್ಲ. ಮೂರು ತಿಂಗಳಲ್ಲಿ ನಾಮಿನೊದ ಜಾಗ ಕೈಗೆ ಬಂತು. ಅಂದರೆ ಊರಿನವರು ಪತ್ರಿಕೆಯಲ್ಲಿ ಓದಿದ್ದ ಹೆಸರೇ ಮನೆ ಬಾಗಿಲಿಗೆ ಬಂದು ನಿಂತಿತ್ತು.

ದಾನಪತ್ರ ಮತ್ತು ವಾಸದ ಅರ್ಜಿ

ಜಪಾನಿನಲ್ಲಿ ದೊಡ್ಡ ಜಮೀನು ಮಾರಾಟ ಆಗುವಾಗ ಆಗ ಪ್ರಾಂತ್ಯದ ರಾಜ್ಯಪಾಲರಿಗೆ ಮುಂಚೆಯೇ ತಿಳಿಸಬೇಕಿತ್ತು. ಹಾಗೆ ತಿಳಿಸಿದ್ದರೆ ಸುದ್ದಿ ಹೊರಗೆ ಬರುತ್ತಿತ್ತು, ತಕರಾರು ಏಳುತ್ತಿತ್ತು. ದಾನಕ್ಕೆ ಈ ನಿಯಮ ಇರಲಿಲ್ಲ. ಆದ್ದರಿಂದ ಓಮ್ ಇದನ್ನು ಕ್ರಯಪತ್ರ ಮಾಡಲಿಲ್ಲ, ದಾನಪತ್ರದ ರೂಪ ಕೊಟ್ಟಿತು. ನಮ್ಮ ಸಬ್‌ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತವರಿಗೆ ಈ ಉಪಾಯ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಕ್ಟೋಬರ್‌ನಲ್ಲಿ ಕುಮಾಮೊತೊ ಪೊಲೀಸರು ಇದೇ ವಿಷಯ ಹಿಡಿದು ಪಂಥದ ಜಾಗಗಳ ಮೇಲೆ ದಾಳಿ ಮಾಡಿದರು. ಪಂಥದ ವಕೀಲ ಯೋಶಿನೊಬು ಆವೊಯಾಮಾ ಸೇರಿ ಕೆಲವರ ಬಂಧನವೂ ಆಯಿತು. ಆದರೆ ಜಾಗ ಅವರ ಕೈಲೇ ಉಳಿಯಿತು. ನೂರಾರು ಅನುಯಾಯಿಗಳು ಬಂದು ಶೆಡ್ಡು ಕಟ್ಟಿಕೊಂಡರು.

ಹಳ್ಳಿಯವರಿಗೆ ಉಳಿದಿದ್ದ ಒಂದೇ ಅಸ್ತ್ರ ವಾಸದ ನೋಂದಣಿ. ಜಪಾನಿನಲ್ಲಿ ಊರು ಬದಲಾಯಿಸಿದರೆ 14 ದಿನದೊಳಗೆ ಹೊಸ ಊರಿನ ಕಚೇರಿಗೆ ಹೋಗಿ ಒಂದು ಅರ್ಜಿ ತುಂಬಬೇಕು. ಕೌಂಟರಿನಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಆದರೆ ಆ ಒಂದು ಕಾಗದದಿಂದ ಎಲ್ಲ ಹೊರಡುತ್ತದೆ. ಆರೋಗ್ಯ ವಿಮೆ ಅದರಿಂದ, ಮಕ್ಕಳ ಶಾಲೆ ಅದರಿಂದ, ಮೂರು ತಿಂಗಳಾದ ಮೇಲೆ ಮತದಾರರ ಪಟ್ಟಿಯೂ ಅದರಿಂದಲೇ. ನಮ್ಮ ರೇಷನ್ ಕಾರ್ಡು, ವೋಟರ್ ಐಡಿ, ವಾಸಸ್ಥಳದ ಸರ್ಟಿಫಿಕೇಟು ಮೂರೂ ಒಂದೇ ಹಾಳೆಯಲ್ಲಿ ಸೇರಿದ ಹಾಗೆ. ನಾಮಿನೊ ಕಚೇರಿ ಓಮ್ ಅನುಯಾಯಿಗಳ ಅರ್ಜಿಗಳನ್ನು ತೆಗೆದುಕೊಳ್ಳಲೇ ಇಲ್ಲ.

ಯಾಕೆ ಅಂದರೆ, ಎರಡು ಸಾವಿರ ಜನರ ಊರಲ್ಲಿ ನೂರಾರು ಮತಗಳು ಒಂದೇ ಕಡೆ ಬಿದ್ದರೆ ಊರಿನ ಆಡಳಿತವೇ ಕೈ ತಪ್ಪಬಹುದು. ಇದು ಸುಮ್ನೆ ಕಲ್ಪನೆಯ ಭಯ ಅಲ್ಲ. ಅಮೆರಿಕದ ಒರೆಗಾನ್‌ನಲ್ಲಿ 1982ರಲ್ಲಿ ರಜನೀಶ್ ಅನುಯಾಯಿಗಳು ಆಂಟೆಲೋಪ್ ಅನ್ನುವ ಪುಟ್ಟ ಪಟ್ಟಣದ ಕೌನ್ಸಿಲ್ ಗೆದ್ದಿದ್ದರು. ಮುಂದೆ ಊರಿನ ಹೆಸರನ್ನೇ ರಜನೀಶ್ ಅಂತ ಬದಲಾಯಿಸಿದ್ದರು. 1984ರಲ್ಲಿ ಜಿಲ್ಲಾ ಚುನಾವಣೆ ಗೆಲ್ಲಲು ಅವರಲ್ಲಿ ಕೆಲವರು ಹೋಟೆಲುಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಬೆರೆಸಿ 751 ಜನರನ್ನು ಹಾಸಿಗೆ ಹಿಡಿಸಿದ್ದೂ ಗೊತ್ತಿರುವ ವಿಷಯ.

ಆದರೆ ಭಯಕ್ಕೆ ಕಾರಣ ಇದ್ದ ಮಾತ್ರಕ್ಕೆ ಕಾನೂನು ಹಳ್ಳಿಯ ಕಡೆಗೆ ವಾಲಲಿಲ್ಲ. ಒಬ್ಬ ಮನುಷ್ಯ ಒಂದು ಊರಲ್ಲಿ ನಿಜವಾಗಿ ವಾಸ ಮಾಡುತ್ತಿದ್ದರೆ ಅದನ್ನು ಬರೆದುಕೊಳ್ಳುವುದು ಕಚೇರಿಯ ಕರ್ತವ್ಯ. ಅವನು ಒಳ್ಳೆಯವನೋ ಕೆಟ್ಟವನೋ ಅಂತ ತೂಗುವ ತಕ್ಕಡಿ ಆ ಕೌಂಟರಿನಲ್ಲಿ ಇಲ್ಲ. ಓಮ್ ಕೋರ್ಟಿಗೆ ಹೋಯಿತು, ಪರಿಹಾರ ಕೇಳಿತು. ಕೇಸು ಎಳೆಯಿತು. ಹಳ್ಳಿ ಸೋತು ಸುಣ್ಣವಾಗಿ ರಾಜಿಗೆ ಬಂತು. ಆ 92 ಕೋಟಿ ಬಂದಿದ್ದು ಹೀಗೆ.

ಈ ಒಪ್ಪಂದಕ್ಕೆ ಸಹಿ ಬೀಳುವ ಎರಡು ತಿಂಗಳ ಮುಂಚೆ ಇನ್ನೊಂದು ಊರಲ್ಲಿ ಏನು ನಡೆದಿತ್ತು ಅನ್ನುವುದು ನಾಮಿನೊದವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಜಾಗದ ಜಗಳ, ಜಡ್ಜ್‌ಗಳ ಮನೆ

ನಾಗಾನೊ ಪ್ರಾಂತ್ಯದ ಮಾತ್ಸುಮೊತೊ ನಗರದಲ್ಲೂ ಓಮ್ ಜಾಗ ಮಾಡಿಕೊಂಡಿತ್ತು. ತಾನು ಯಾರು ಅಂತ ಮುಚ್ಚಿಟ್ಟು ಮಾಡಿದ ವ್ಯವಹಾರ. ನಮಗೆ ಮೋಸ ಆಗಿದೆ, ಇದು ರದ್ದಾಗಬೇಕು ಅಂತ ಜಾಗ ಕೊಟ್ಟವರು ಕೋರ್ಟಿಗೆ ಹೋದರು. ಅಕ್ಕಪಕ್ಕದವರೂ ಅವರ ಬೆನ್ನಿಗೆ ನಿಂತರು. ತೀರ್ಪು 1994ರ ಜುಲೈ 19ಕ್ಕೆ ಬರಬೇಕಿತ್ತು.

ಜೂನ್ 27ರ ರಾತ್ರಿ ಒಂದು ಲಾರಿ ನಗರದ ಜನವಸತಿಯ ಬೀದಿಗೆ ಬಂತು. ಅದರೊಳಗೆ ಸಾರಿನ್ ಅನ್ನುವ ನರವಿಷವನ್ನು ಕಾಯಿಸಿ ಗಾಳಿಗೆ ಬಿಡುವ ಯಂತ್ರ ಇತ್ತು. ಗುರಿ ಆ ಕೇಸು ನೋಡುತ್ತಿದ್ದ ಜಡ್ಜ್‌ಗಳು ಇದ್ದ ವಸತಿಗೃಹ. ಜಡ್ಜ್‌ಗಳು ಹಾಸಿಗೆ ಹಿಡಿದರೂ ಬದುಕಿದರು. ಅದೇ ಬೀದಿಯ 7 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅಂದಿನಿಂದ ಎಚ್ಚರವೇ ಬರದೆ ಮಲಗಿದ್ದ ಒಬ್ಬ ಮಹಿಳೆ 2008ರಲ್ಲಿ ತೀರಿಕೊಂಡರು. ಅವರ ಗಂಡನೇ ಆ ರಾತ್ರಿ ಆಂಬುಲೆನ್ಸ್‌ಗೆ ಫೋನ್ ಮಾಡಿದ್ದು. ಪೊಲೀಸರು ಮತ್ತು ಪತ್ರಿಕೆಗಳು ತಿಂಗಳುಗಟ್ಟಲೆ ಸಂಶಯ ಪಟ್ಟಿದ್ದು ಆ ಗಂಡನ ಮೇಲೆ.

ಬೇರೆ ಊರುಗಳ ಜಾಗದ ಜಗಳಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ ಸಾಕು. ಒಂದು ಸಿವಿಲ್ ಕೇಸಿನ ತೀರ್ಪು ತಡೆಯಲು ಒಂದು ಬೀದಿಯ ಮೇಲೆ ವಿಷ ಬಿಟ್ಟರು.

ಆ ವಿಷ ತಯಾರಾಗುತ್ತಿದ್ದುದು ಫುಜಿ ಬೆಟ್ಟದ ಬುಡದ ಕಾಮಿಕುಯಿಶಿಕಿ ಹಳ್ಳಿಯಲ್ಲಿ. ಯುದ್ಧ ಮುಗಿದ ಮೇಲೆ ಕಾಡು ಕಡಿದು, ಕಲ್ಲು ಆರಿಸಿ, ಹಸು ಕಟ್ಟಿ ಬದುಕು ಕಟ್ಟಿಕೊಂಡ ಜನ ಆ ಹಳ್ಳಿಯವರು. ಅವರ ಹುಲ್ಲುಗಾವಲುಗಳ ನಡುವೆ ಓಮ್ ಒಂದೊಂದೇ ಜಾಗ ಹಿಡಿಯುತ್ತ ಹೋಯಿತು. ಬಿಳಿ ಬಣ್ಣದ, ಕಿಟಕಿಯೇ ಕಾಣದ ದೊಡ್ಡ ದೊಡ್ಡ ಡಬ್ಬಗಳಂಥ ಕಟ್ಟಡಗಳು ಎದ್ದವು. ಹಾಲು ಕರೆಯುವವರು ಬೆಳಗ್ಗೆ ಎದ್ದರೆ ಎದುರಿಗೆ ಅದೇ. ರಾತ್ರಿಯೆಲ್ಲ ಯಂತ್ರದ ಸದ್ದು, ಲಾರಿಗಳ ಓಡಾಟ. ಅವರು ಸಮಿತಿ ಮಾಡಿಕೊಂಡರು, ಕಾವಲು ಕೂತರು, ಕಂಡದ್ದನ್ನು ಬರೆದಿಟ್ಟರು, ಪ್ರಾಂತ್ಯದ ಕಚೇರಿಗೂ ಪೊಲೀಸರಿಗೂ ದೂರು ಕೊಟ್ಟರು.

1994ರ ಜುಲೈನಲ್ಲಿ ಅಲ್ಲಿ ಕೆಟ್ಟ ವಾಸನೆ ಎದ್ದಿತು. ಗಂಟಲು ಉರಿ, ಕಣ್ಣು ಉರಿ. ಗಿಡಗಳ ಎಲೆ ಬಾಡಿತು. ಮಾತ್ಸುಮೊತೊ ಘಟನೆ ಆಗಿ ಎರಡು ವಾರವಷ್ಟೇ. ಊರಿನವರು ಪೊಲೀಸರನ್ನು ಕರೆದರು, ಆದರೂ ಕಟ್ಟಡದ ಬಾಗಿಲು ತೆರೆಯಲಿಲ್ಲ. ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಆಗ ಜಪಾನಿನಲ್ಲಿ ಸಾರಿನ್ ತಯಾರಿಸುವುದನ್ನೇ ಅಪರಾಧ ಅನ್ನುವ ಪ್ರತ್ಯೇಕ ಕಾಯ್ದೆ ಇರಲಿಲ್ಲ. ಆ ಕಾಯ್ದೆ ಬಂದದ್ದು 1995ರ ಏಪ್ರಿಲ್‌ನಲ್ಲಿ, ಎಲ್ಲ ಆದ ಮೇಲೆ.

ಆ ಹಳ್ಳಿಯ ಮಣ್ಣಿನಲ್ಲಿ ಸಾರಿನ್ ತಯಾರಿಕೆಯ ಉಳಿಕೆ ಸಿಕ್ಕಿದೆ ಅಂತ ಯೋಮಿಯುರಿ ಪತ್ರಿಕೆ 1995ರ ಜನವರಿ 1ರಂದು ಮುಖಪುಟದಲ್ಲಿ ಬರೆಯಿತು. ಜನವರಿ 17ಕ್ಕೆ ಕೋಬೆ ಭೂಕಂಪ ಆಗಿ ದೇಶದ ಗಮನವೆಲ್ಲ ಅತ್ತ ಹೋಯಿತು. ಮಾರ್ಚ್ 20ರ ಬೆಳಗ್ಗೆ, ಆಫೀಸಿಗೆ ಹೋಗುವ ಹೊತ್ತಿನಲ್ಲಿ, ಟೋಕಿಯೊದ ಐದು ಮೆಟ್ರೊ ರೈಲುಗಳಲ್ಲಿ ಓಮ್ ಸದಸ್ಯರು ಸಾರಿನ್ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಕೊಡೆಯ ತುದಿಯಿಂದ ಚುಚ್ಚಿದರು. ಇವತ್ತಿನವರೆಗಿನ ಲೆಕ್ಕದಲ್ಲಿ ಸತ್ತವರು 14 ಜನ. ತೊಂದರೆಗೆ ಒಳಗಾದವರು 6,000ಕ್ಕೂ ಹೆಚ್ಚು.

ಎರಡು ದಿನದ ಮೇಲೆ ಪೊಲೀಸರು ಕಾಮಿಕುಯಿಶಿಕಿಗೆ ಬಂದರು. ಮೈತುಂಬ ರಕ್ಷಣೆಯ ಬಟ್ಟೆ, ಮುಖಕ್ಕೆ ಗ್ಯಾಸ್ ಮಾಸ್ಕ್. ಸಾಲಿನ ಮುಂದಿದ್ದವರ ಕೈಯಲ್ಲಿ ಒಂದು ಪುಟ್ಟ ಪಂಜರ, ಅದರೊಳಗೆ ಹಳದಿ ಕ್ಯಾನರಿ ಹಕ್ಕಿ. ಗಾಳಿಯಲ್ಲಿ ವಿಷ ಇದ್ದರೆ ಮೊದಲು ಹಕ್ಕಿ ಬೀಳುತ್ತದೆ, ಆಗ ಮನುಷ್ಯರು ಹಿಂದೆ ಸರಿಯಬಹುದು ಅಂತ. ಆ ಚಿತ್ರ ನೋಡಿದಾಗೆಲ್ಲ ನನಗೆ ನೆನಪಾಗುವುದು ಆ ಊರಿನ ಹೈನುಗಾರರು. ಅವರಿಗೆ ಮಾಸ್ಕ್ ಇರಲಿಲ್ಲ, ಪಂಜರವೂ ಇರಲಿಲ್ಲ. ಅದೇ ಗಾಳಿ ಕುಡಿದು ಅವರು ವರ್ಷಗಟ್ಟಲೆ ಇದ್ದರು.

ಹೆದರಿಕೆ ನಿಜವಾದ ಮೇಲೆ

ಈಗ ಕಥೆಯ ಕಷ್ಟದ ಭಾಗ. 1995ರ ಅಕ್ಟೋಬರ್‌ನಲ್ಲಿ ಕೋರ್ಟು ಓಮ್‌ನ ಧಾರ್ಮಿಕ ಸಂಸ್ಥೆಯ ಮಾನ್ಯತೆ ರದ್ದು ಮಾಡಿತು. ಮಾನ್ಯತೆ ಹೋಯಿತು, ತೆರಿಗೆ ವಿನಾಯಿತಿ ಹೋಯಿತು, ಆಸ್ತಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆದರೆ ಮನುಷ್ಯರು ಉಳಿದರು. ಒಂದು ಕಾಲಕ್ಕೆ ಜಪಾನಿನಲ್ಲೇ ಸುಮಾರು 10,000 ಅನುಯಾಯಿಗಳಿದ್ದ ಪಂಥ ಅದು. ಕೊಲೆಗಳ ಬಗ್ಗೆ ಏನೂ ಗೊತ್ತಿಲ್ಲದವರೇ ಅವರಲ್ಲಿ ಜಾಸ್ತಿ. ಪಂಥವನ್ನೇ ಪೂರ್ತಿ ನಿಷೇಧಿಸಬೇಕು ಅನ್ನುವ ಸರ್ಕಾರದ ಕೋರಿಕೆಯನ್ನು 1997ರ ಜನವರಿಯಲ್ಲಿ ಸಂಬಂಧಪಟ್ಟ ಆಯೋಗ ತಳ್ಳಿಹಾಕಿತು. ಉಳಿದವರು ಬೇರೆ ಬೇರೆ ಊರಿಗೆ ಹೋಗಿ ಕಟ್ಟಡ ಕೊಂಡರು, ಬಾಡಿಗೆಗೆ ಹಿಡಿದರು.

ಈ ಸಲ ಎಲ್ಲ ಊರೂ ನಾಮಿನೊ ಆಯಿತು. 1999ರ ಹೊತ್ತಿಗೆ ದೇಶದ ಉದ್ದಗಲಕ್ಕೂ ಊರಾಡಳಿತಗಳು ಓಮ್ ಸದಸ್ಯರ ವಾಸದ ಅರ್ಜಿ ತೆಗೆದುಕೊಳ್ಳಲ್ಲ ಅಂದವು. ಕೆಲವು ಕಡೆ ಅವರ ಮಕ್ಕಳನ್ನು ಶಾಲೆಗೂ ಸೇರಿಸಿಕೊಳ್ಳಲಿಲ್ಲ. ನೀರಿನ ಕೊಳಾಯಿ, ವಿಮೆಯ ಕಾರ್ಡು, ಎಲ್ಲಕ್ಕೂ ಜಗಳ. ನಾಮಿನೊದವರ ಭಯದ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ. ಆದರೆ ಮಕ್ಕಳಿಗೆ ಶಾಲೆಯ ಗೇಟು ಮುಚ್ಚಿದ್ದನ್ನು ನಾನು ಒಪ್ಪಲಾರೆ. ಆ ಮಕ್ಕಳು ಯಾರ ಮೇಲೂ ಏನೂ ಚೆಲ್ಲಿರಲಿಲ್ಲ. ಒಂದು ಪಂಥದಿಂದ ಹೊರಬಂದು ಮಾಮೂಲಿ ಬದುಕಿಗೆ ಸೇರುವ ಹಾದಿ ಇದ್ದರೆ ಅದು ಶಾಲೆಯ ಮೂಲಕವೇ. ಅದನ್ನೇ ಮುಚ್ಚಿದರೆ ಮಗುವಿಗೆ ಉಳಿಯುವುದು ಪಂಥ ಮಾತ್ರ.

ಕೇಸುಗಳು ಸುಪ್ರೀಂ ಕೋರ್ಟಿಗೆ ಹೋದವು. ನಾಗೋಯಾ ನಗರದ ಒಂದು ಪ್ರಕರಣದಲ್ಲಿ 2003ರ ಜೂನ್ 26ರಂದು ತೀರ್ಪು ಬಂತು. ಆ ಮನುಷ್ಯ ಅಲ್ಲಿ ವಾಸ ಇದ್ದಾನಾ ಇಲ್ಲವಾ ಅನ್ನುವುದಷ್ಟನ್ನೇ ಕಚೇರಿ ನೋಡಬಹುದು. ಅವನು ಯಾವ ಪಂಥದವನು, ಅಕ್ಕಪಕ್ಕದವರಿಗೆ ಹೆದರಿಕೆ ಇದೆಯಾ ಅನ್ನುವ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ. ಜಗತ್ತಿನಲ್ಲೇ ಅತಿ ಕೆಟ್ಟ ಹೆಸರು ಪಡೆದ ಪಂಥದವರಿಗೂ ಈ ಹಕ್ಕು ಇದೆ ಅಂತ ಕೋರ್ಟು ಹೇಳಿತು. ಕೇಳಲು ಕಷ್ಟವಾದರೂ ಸರಿಯಾದ ತೀರ್ಪು ಅಂತಲೇ ನನ್ನ ಅಭಿಪ್ರಾಯ. ಭಯವೇ ಕಾರಣ ಆಗಿಬಿಟ್ಟರೆ ನಾಳೆ ಯಾವ ಊರು ಯಾರನ್ನು ಬೇಕಾದರೂ ಹೊರಗಿಡಬಹುದು.

ಹಾಗಂತ ಊರಿನವರನ್ನು ಅವರ ಪಾಡಿಗೆ ಬಿಟ್ಟುಬಿಡುವುದೇ? ಅದಕ್ಕೆ ಜಪಾನ್ ಹುಡುಕಿದ ದಾರಿ 1999ರ ಡಿಸೆಂಬರ್‌ನಲ್ಲಿ ಬಂದ ಹೊಸ ಕಾಯ್ದೆ. ಸಾಮೂಹಿಕ ಕೊಲೆ ಮಾಡಿದ ಗುಂಪುಗಳ ನಿಯಂತ್ರಣಕ್ಕೆ ಅಂತಲೇ ಮಾಡಿದ್ದು. ಇದರಲ್ಲಿ ‘ನೀವು ಏನು ನಂಬುತ್ತೀರಿ’ ಅನ್ನುವ ಪ್ರಶ್ನೆಯೇ ಇಲ್ಲ. ‘ನೀವು ಏನು ಮಾಡಿದ್ದೀರಿ’ ಅನ್ನುವುದಷ್ಟೇ. ಕಾಯ್ದೆಯ ಪ್ರಕಾರ ಆ ಗುಂಪು ಮೂರು ತಿಂಗಳಿಗೊಮ್ಮೆ ಸದಸ್ಯರ ಪಟ್ಟಿ, ಆಸ್ತಿ, ಜಾಗಗಳ ವಿವರ ಕೊಡಬೇಕು. ಅಧಿಕಾರಿಗಳು ಕಟ್ಟಡದ ಒಳಗೆ ಹೋಗಿ ನೋಡಬಹುದು. ಈ ಕಣ್ಗಾವಲು ಶಾಶ್ವತ ಅಲ್ಲ. ಮೂರು ವರ್ಷಕ್ಕೊಮ್ಮೆ ಇನ್ನೂ ಅಪಾಯ ಇದೆ ಅಂತ ತೋರಿಸಿ ನವೀಕರಿಸಬೇಕು. 2000ದಿಂದ ಇವತ್ತಿನವರೆಗೂ ನವೀಕರಣ ಆಗುತ್ತಲೇ ಬಂದಿದೆ.

ಪಂಥ 2000ದಲ್ಲಿ ತನ್ನ ಹೆಸರನ್ನು ಆಲೆಫ್ ಅಂತ ಬದಲಾಯಿಸಿಕೊಂಡಿತು. 2007ರಲ್ಲಿ ಹಳೆಯ ವಕ್ತಾರ ಫುಮಿಹಿರೊ ಜೋಯು ಬೇರೆಯಾಗಿ ಹಿಕಾರಿ ನೊ ವಾ ಅನ್ನುವ ಗುಂಪು ಕಟ್ಟಿದ. 2018ರ ಜುಲೈನಲ್ಲಿ ಅಸಾಹರಾ ಸೇರಿ 13 ಜನರನ್ನು ಗಲ್ಲಿಗೇರಿಸಿದರು. ಸಂತ್ರಸ್ತರಿಗೆ ಸಲ್ಲಬೇಕಾದ ಪರಿಹಾರದಲ್ಲಿ ಬಾಕಿ ಉಳಿದ ಸುಮಾರು 102 ಕೋಟಿ ಯೆನ್ ಕೊಡಬೇಕು ಅಂತ 2020ರಲ್ಲಿ ಆಲೆಫ್ ವಿರುದ್ಧ ಆದೇಶ ಖಾಯಂ ಆಯಿತು. 2023ರ ಮಾರ್ಚ್‌ನಲ್ಲಿ, ಕೊಡಬೇಕಾದ ವಿವರಗಳನ್ನು ಸರಿಯಾಗಿ ಕೊಡುತ್ತಿಲ್ಲ ಅನ್ನುವ ಕಾರಣಕ್ಕೆ, ಆಲೆಫ್ ತನ್ನ ಕೆಲವು ಕಟ್ಟಡಗಳನ್ನು ಬಳಸದಂತೆ ಮತ್ತು ಕಾಣಿಕೆ ಪಡೆಯದಂತೆ ಮೊದಲ ಸಲ ತಡೆ ಹಾಕಿದರು.

ಆದಾಚಿಯ ಬೀದಿ

ಟೋಕಿಯೊದ ಆದಾಚಿ ವಾರ್ಡಿನಲ್ಲಿ 2010ರಲ್ಲಿ ಆಲೆಫ್ ಒಂದು ಕಟ್ಟಡ ಕೊಂಡಿತು. ಸುತ್ತ ಸಾಧಾರಣ ಮನೆಗಳು. ಮತ್ತೆ ಬ್ಯಾನರ್‌ಗಳು ಎದ್ದವು, ಮೆರವಣಿಗೆ ಶುರುವಾಯಿತು. ವಾರ್ಡಿನ ಆಡಳಿತ ಈ ಸಲ ನಾಮಿನೊದ ದಾರಿ ಹಿಡಿಯಲಿಲ್ಲ. ಯಾರನ್ನೂ ನೋಂದಾಯಿಸಲ್ಲ ಅನ್ನುವ ಬದಲು ಅದೇ ವರ್ಷ ಒಂದು ಸ್ಥಳೀಯ ನಿಯಮ ತಂದಿತು. ಇಂಥ ಗುಂಪುಗಳು ತಮ್ಮ ಚಟುವಟಿಕೆಯ ವಿವರವನ್ನು ವಾರ್ಡಿಗೆ ಕೊಡಬೇಕು, ಕೊಡದಿದ್ದರೆ ದಂಡ. ದಂಡ ಸಣ್ಣದೇ. ಆದರೆ ಪ್ರಶ್ನೆ ಕೇಳುವ ಹಕ್ಕು ಊರಿಗೆ ಬಂತು.

ಬೇರೆ ದೇಶಗಳಲ್ಲೂ ಹಳೆಯ ಶಾಲೆ, ಆಸ್ಪತ್ರೆ, ಛತ್ರ ಇಂಥವನ್ನು ಯಾವುದೋ ಪಂಥ ಕೊಂಡಾಗ ಇದೇ ಗಲಾಟೆ ಏಳುತ್ತದೆ. ಆಗ ಯಾರಾದರೂ ಒಬ್ಬರು ಓಮ್ ಹೆಸರು ಎತ್ತುತ್ತಾರೆ. ಎತ್ತುವ ಮುಂಚೆ ಒಂದು ಕ್ಷಣ ನಿಲ್ಲಬೇಕು ಅಂತ ನನಗನ್ನಿಸುತ್ತದೆ. ವಿವಾದ ಇರುವ ಪಂಥಗಳು ನೂರಾರು, ಅವುಗಳಲ್ಲಿ ವಿಷ ತಯಾರಿಸಿದ್ದು ಒಂದು. ನಾಮಿನೊ, ಮಾತ್ಸುಮೊತೊ, ಕಾಮಿಕುಯಿಶಿಕಿಯವರ ದೂರುಗಳನ್ನು ತಿರುಗಿ ಓದಿದರೆ ಅವುಗಳಲ್ಲಿ ದೇವರ ಬಗ್ಗೆ ಇರುವುದು ಕಡಿಮೆ. ಕೊಂಡವರು ತಮ್ಮ ನಿಜವಾದ ಹೆಸರು ಹೇಳಿದರಾ? ದುಡ್ಡು ಕೊಟ್ಟು ಕೊಂಡಿದ್ದನ್ನು ದಾನ ಅಂತ ಯಾಕೆ ಬರೆಸಿದರು? ಪರವಾನಗಿ ಇಲ್ಲದೆ ಕಾಡು ಯಾಕೆ ಕಡಿದರು? ಆ ವಾಸನೆ ಎಲ್ಲಿಂದ? ಇವು ಯಾವ ಧರ್ಮದವರನ್ನಾದರೂ, ಯಾವ ಕಂಪನಿಯನ್ನಾದರೂ ಕೇಳಬಹುದಾದ ಪ್ರಶ್ನೆಗಳು. ಕೇಳಿದರೆ ಯಾರ ನಂಬಿಕೆಗೂ ಏಟು ಬೀಳುವುದಿಲ್ಲ. ಆಗ ಉತ್ತರ ತರುವ ಅಧಿಕಾರ ಯಾರಿಗೂ ಇರಲಿಲ್ಲ ಅನ್ನುವುದೇ ದುರಂತ.

1999ರ ಕಾಯ್ದೆಯಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಕಲಂ ಇದೆ. ಊರಿನ ಮೇಯರ್ ಕೇಳಿದರೆ, ಕಟ್ಟಡದ ಒಳಗೆ ಹೋಗಿ ಬಂದ ಅಧಿಕಾರಿಗಳು ಅಲ್ಲಿ ಕಂಡದ್ದನ್ನು ಆ ಊರಿಗೆ ತಿಳಿಸಬಹುದು. 1994ರ ಜುಲೈನಲ್ಲಿ ಕಾಮಿಕುಯಿಶಿಕಿಯ ಹೈನುಗಾರರಿಗೆ ಬೇಕಾಗಿದ್ದುದೂ ಅಷ್ಟೇ. ಯಾರಾದರೂ ಒಳಗೆ ಹೋಗಿ ನೋಡಿ ಬಂದು ಹೇಳಬೇಕಿತ್ತು.

ಅವರ ಹಳ್ಳಿ ಈಗ ನಕ್ಷೆಯಲ್ಲಿ ಆ ಹೆಸರಲ್ಲಿ ಇಲ್ಲ. 2006ರಲ್ಲಿ ಎರಡು ಹೋಳಾಗಿ ಪಕ್ಕದ ಊರುಗಳಿಗೆ ಸೇರಿತು. ನಾಮಿನೊ ಅದಕ್ಕೂ ಒಂದು ವರ್ಷ ಮೊದಲೇ ಆಸೊ ನಗರದಲ್ಲಿ ಸೇರಿಹೋಗಿತ್ತು. ಸತ್ಯಂ ಕಟ್ಟಡಗಳನ್ನು ಒಂದೂ ಬಿಡದೆ ಕೆಡವಿದ್ದಾರೆ. ಅವು ಇದ್ದಲ್ಲಿ ಈಗ ಹುಲ್ಲು ಬೆಳೆದಿದೆ, ಒಂದು ಪುಟ್ಟ ಸ್ಮಾರಕದ ಕಲ್ಲು ನಿಂತಿದೆ.